ದರೋಡೆಕೋರರಲ್ಲ ಸ್ವಾಮೀ, ಬಂದೂಕು ಹಿಡಿದ ರೈತರು!

ಹೋದ ವಾರ ಆಫೀಸಿನಲ್ಲಿ ಊಟಕ್ಕೆ ಕೂತಿದ್ದೆವು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಊರುಗಳ ಮೇಲೆ ಬಂತು. ನಮ್ಮ ಟೀಮಿನ ಒಬ್ಬ ಗೆಳೆಯ, ಒಳ್ಳೆ ಹುಡುಗನೇ, ಥಟ್ಟನೆ ಕೇಳಿದ: "ನಿಂದು ಸುರಪುರ, ಶಹಾಪುರ ಕಡೆ ಅಲ್ವೇನೋ? ಹಿಂದೆ ಅಲ್ಲೆಲ್ಲ ದರೋಡೆಕೋರರ ರಾಜ್ಯ ಇತ್ತಂತೆ ಹೌದಾ?"

ಅವನು ತಮಾಷೆಗೇ ಕೇಳಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದ್ರೆ ಆಮೇಲೆ ಸೀಟಿಗೆ ಬಂದು ಕೂತರೆ ಕೋಡ್ ತಲೆಗೇ ಹೋಗಲಿಲ್ಲ. ಯಾಕೆ ನಕ್ಕೆ ನಾನು?

ಅವತ್ತೇ ಸಂಜೆ ನಮ್ಮೂರ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಬಂತು. ಸುರಪುರದ ಕತೆಯೇ. ಅದರಲ್ಲಿ ಖಡ್ಗ ಹಿಡಿದ ಒಬ್ಬ ರಾಜ, ಹಿಂದೆ ಕೇಸರಿ ಬಣ್ಣದ ಆಕಾಶ, ಕೆಳಗೆ ದೊಡ್ಡ ಅಕ್ಷರದಲ್ಲಿ ಧರ್ಮಯುದ್ಧ ಅಂತ. ಒಂದೇ ದಿನ ಒಂದೇ ಜನರ ಬಗ್ಗೆ ಎರಡು ಮಾತು. ಒಬ್ಬನಿಗೆ ಅವರು ಕಳ್ಳರು, ಇನ್ನೊಬ್ಬನಿಗೆ ಧರ್ಮರಕ್ಷಕರು. ನನ್ನ ಕೇಳಿದ್ರೆ ಎರಡೂ ಸುಳ್ಳು. ಅದಕ್ಕಿಂತ ಹೆಚ್ಚಾಗಿ, ಎರಡೂ ಕಡೆ ನಿಜವಾಗಿ ಹೊಡೆದಾಡಿದ ಮನುಷ್ಯ ಕಾಣೆ. ಅವನ ಪರವಾಗಿ ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಕೂತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ, ನನ್ನ ಜಾತಿ ಹುಡುಕೋಕೆ ಹೋಗಬೇಡಿ. ನಾನು ಬೇಡರ ಮನೆತನದವನಲ್ಲ. ನಮ್ಮಜ್ಜ ಶಹಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು. ಬೇಕಾದ್ರೆ ದರೋಡೆ ಆದ್ರೆ ಮೊದಲು ಆಗಬೇಕಿದ್ದದ್ದು ನಮ್ಮ ಮನೆಯೇ :)

ಈಗ ಕತೆಗೆ ಬರೋಣ.

ಶಹಾಪುರ ತಾಲ್ಲೂಕಿನಲ್ಲಿ ಸಗರ ಅಂತ ಊರಿದೆ. ನಮ್ಮ ಕಡೆಯವರಿಗೆ ಅದು ಬಸ್ಸಿನ ಬೋರ್ಡಿನ ಮೇಲಿನ ಒಂದು ಹೆಸರು ಅಷ್ಟೇ. ಹದಿನೇಳನೇ ಶತಮಾನದಲ್ಲಿ ಅದು ಬೇಡ ನಾಯಕರ ರಾಜಧಾನಿ. ಆಗಿನ ನಾಯಕ ಪಾಮ ನಾಯಕ, ವಿಜಾಪುರದ ಆದಿಲಶಾಹಿಗಳ ಕಡೆಯವನು. ಔರಂಗಜೇಬನ ಸೈನ್ಯ 1685ರಲ್ಲಿ ವಿಜಾಪುರಕ್ಕೆ ಮುತ್ತಿಗೆ ಹಾಕಿತು. ಕೋಟೆಯೊಳಗೆ ಜನ ಹಸಿವಿನಿಂದ ಸಾಯ್ತಾ ಇದ್ದರು. ಆಗ ಪಾಮ ನಾಯಕ ಏನು ಮಾಡಿದ ಗೊತ್ತಾ? ತನ್ನ 6,000 ಕಾಲಾಳುಗಳನ್ನು ದವಸಧಾನ್ಯದ ಜೊತೆ ವಿಜಾಪುರಕ್ಕೆ ಕಳಿಸಿದ. ಮೊಗಲರ ಸರದಾರ ಫಿರೋಜ್ ಜಂಗ್ ದಾರಿಯಲ್ಲೇ ಅವರ ಮೇಲೆ ಬಿದ್ದ. ಆ ಧಾನ್ಯ ಕೋಟೆ ಸೇರಲಿಲ್ಲ.

ಸ್ವಲ್ಪ ನಿಂತು ಯೋಚಿಸಿ. ಸುಲ್ತಾನ ಮುಸಲ್ಮಾನ, ಮುತ್ತಿಗೆ ಹಾಕಿದ ಬಾದಶಹನೂ ಮುಸಲ್ಮಾನ, ಕಾಳು ತಗೊಂಡು ಹೋದವರು ನಮ್ಮ ಸಗರದ ಬೇಡರು. ಇದನ್ನ ಯಾವ ಧರ್ಮಯುದ್ಧದ ಪೋಸ್ಟರ್‌ನಲ್ಲಿ ಕೂರಿಸ್ತೀರಿ?

ವಿಜಾಪುರ 1686ರ ಸೆಪ್ಟೆಂಬರಿನಲ್ಲಿ ಬಿತ್ತು. ಮರುವರ್ಷ ಸಗರವೂ ಕೈಬಿಟ್ಟಿತು. ಪಾಮ ನಾಯಕ ಬಾದಶಹನ ಮುಂದೆ ಹಾಜರಾದ, ಕೆಲವೇ ದಿನಕ್ಕೆ ತೀರಿಕೊಂಡ. ಅವನ ನಂತರ ಬಂದವನು ಪಿಡ್ಡ ನಾಯಕ. ಮೊಗಲರ ಬಖೈರುಗಳಲ್ಲಿ ಪಿಡಿಯಾ. ಇವನು ಸಗರದ ಆಸೆ ಬಿಟ್ಟು ವಾಗಣಗೇರಾದಲ್ಲಿ ಹೊಸ ಕೋಟೆ ಕಟ್ಟಿಕೊಂಡ. ಸುರಪುರಕ್ಕೆ ಹೋದವರು ಆ ಬೆಟ್ಟಗಳನ್ನ ನೋಡಿರ್ತೀರಿ. ಬಂಡೆ ಮೇಲೆ ಬಂಡೆ, ಯಾರೋ ಎತ್ತಿ ಜೋಡಿಸಿಟ್ಟ ಹಾಗೆ. ಕುದುರೆ ಓಡೋ ಜಾಗ ಅಲ್ಲ ಅದು.

ಈ ಬಂಡೆಗಳೇ ಕತೆಯ ಮುಖ್ಯ ವಿಷಯ. ಮೊಗಲರ ಬಲ ಕುದುರೆ ಮತ್ತು ದೊಡ್ಡ ತೋಪು. ಬೇಡರ ಬಲ ಬತ್ತಿ ಹಚ್ಚಿ ಹೊಡೆಯುವ ಬಂದೂಕು. ಬಯಲಿನಲ್ಲಿ ಈ ಬಂದೂಕಿನವನು ಬಡಪಾಯಿ. ಒಂದು ಗುಂಡು ಹೊಡೆದು, ಮತ್ತೆ ನಳಿಗೆಗೆ ಮದ್ದು ತುಂಬಿ, ಗುಂಡು ಜಡಿದು, ಬತ್ತಿ ಊದಿಕೊಳ್ಳೋದರೊಳಗೆ ಕುದುರೆ ಸವಾರ ಬಂದು ತಲೆ ಹಾರಿಸಿರ್ತಾನೆ. ಆದ್ರೆ ಅದೇ ಮನುಷ್ಯನನ್ನ ಒಂದು ಬಂಡೆ ಹಿಂದೆ ಕೂರಿಸಿ ನೋಡಿ. ನಿಧಾನಕ್ಕೆ ಮದ್ದು ತುಂಬ್ತಾನೆ, ನಿಧಾನಕ್ಕೆ ಗುರಿ ಹಿಡೀತಾನೆ. ಕೆಳಗೆ ಇರೋ ತೋಪಿಗೆ ಅವನು ಕಾಣೋದೇ ಇಲ್ಲ, ಅವನಿಗೆ ತೋಪಿನವನು ಚೆನ್ನಾಗಿ ಕಾಣ್ತಾನೆ. ಬಂಡೆಯೇ ಬುರುಜು, ಬುರುಜಿಗೊಬ್ಬ ಬಂದೂಕಿನವನು. ಬಾದಶಹನಿಗೆ ತೋಪಖಾನೆ ಇತ್ತು, ಇವರಿಗೆ ಊರೇ ತೋಪಖಾನೆ! ಈ ಕಾಲಾಳುಗಳಿಗೆ ದಖ್ಖನ್ನಿನಲ್ಲೆಲ್ಲ 'ಕಾಲಾ ಪಿಯಾದಾ' ಅಂತ ಹೆಸರಿತ್ತು, ಕರಿಯ ಪದಾತಿಗಳು ಅಂತ. ಗುರಿಗೆ ಹೆಸರಾದವರು, ರಾತ್ರಿ ದಾಳಿಗೆ ಹೆಸರಾದವರು.

1705ರ ಫೆಬ್ರವರಿಯಲ್ಲಿ ಔರಂಗಜೇಬನೇ ವಾಗಣಗೇರಾದ ಮುಂದೆ ಬಂದು ಕೂತ. ಆಗ ಅವನಿಗೆ 86 ವರ್ಷ. ಅವನು ತಾನೇ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಇದೇ ಕೊನೆಯದು. ಜೊತೆಗೆ ಯಾರ್ಯಾರು? ತೋಪಖಾನೆಯ ಮುಖ್ಯಸ್ಥ ತರ್ಬಿಯತ್ ಖಾನ್, ಸರದಾರ ಮುಹಮ್ಮದ್ ಅಮೀನ್ ಖಾನ್, ಮತ್ತೆ ಚಿನ್ ಕಿಲಿಚ್ ಖಾನ್ ಅಂತ ಒಬ್ಬ. ಈ ಕೊನೇ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ದಿಲ್ಲಿಯ ಬಾದಶಾಹಿ ಎದುರು ಒಂದು ಹಳ್ಳಿ ಕೋಟೆ. ಎರಡು ದಿನದ ಕೆಲಸ ಆಗಬೇಕಿತ್ತು. ಎರಡೂವರೆ ತಿಂಗಳು ಹಿಡೀತು! ಮೊಗಲರು ಹತ್ತಿರದ ಲಾಲ್ ಟೀಕ್ರಿ ಅನ್ನೋ ಗುಡ್ಡ ಹಿಡಿದರು. ಬೇಡರು ಬಂದೂಕು ಮತ್ತು ಕಲ್ಲಿನ ಮಳೆ ಸುರಿಸಿ ಅವರನ್ನ ಕೆಳಗಿಳಿಸಿದರು. ನಡುವೆ ಪಿಡ್ಡ ನಾಯಕ ಸಂಧಿಯ ಮಾತಾಡಿದ, ತಮ್ಮನನ್ನ ಬಾದಶಹನ ಡೇರೆಗೆ ಕಳಿಸಿದ, ಬಿಡಾರದಲ್ಲಿ ಗೆದ್ದೆವು ಅಂತ ಸಂಭ್ರಮವೂ ಆಯಿತು. ಆಮೇಲೆ ನೋಡಿದರೆ ಎಲ್ಲ ಕಾಲ ತಳ್ಳುವ ನಾಟಕ, ಮತ್ತೆ ಯುದ್ಧ ಶುರು. ಅಷ್ಟರಲ್ಲಿ ಧನಾಜಿ ಜಾಧವನ ಮರಾಠಾ ಪಡೆ ಬೇಡರ ಸಹಾಯಕ್ಕೆ ಬಂತು. ತಮ್ಮ ಹೆಂಡತಿ ಮಕ್ಕಳು ಆ ಕೋಟೆಯಲ್ಲಿ ಆಶ್ರಯ ಪಡೆದಿದ್ದರು, ಅದಕ್ಕೆ. ಕೊನೆಗೆ ಜುಲ್ಫಿಕರ್ ಖಾನನನ್ನ ಕರೆಸಬೇಕಾಯಿತು. ಅವನ ಜೊತೆ ಬಂದು ಬೇಡರ ಮೇಲೆ ಏರಿ ಹೋದವನು ಯಾರು ಅಂದ್ರೆ ದಲಪತ್ ರಾವ್ ಬುಂದೇಲಾ, ರಜಪೂತ. ಪೋಸ್ಟರ್ ಮಾಡಿದ ಮಹಾಶಯರೇ, ಇವನನ್ನ ಯಾವ ಕಡೆ ನಿಲ್ಲಿಸ್ತೀರಿ?

ಏಪ್ರಿಲ್ 27ರ ರಾತ್ರಿ ಪಿಡ್ಡ ನಾಯಕ ತನ್ನವರನ್ನ ಕರಕೊಂಡು, ಮರಾಠರ ಜೊತೆ ಹಿಂಬಾಗಿಲಿನಿಂದ ಹೊರಟುಹೋದ. ಕತ್ತಲಾದ ಮೇಲೂ ಕೋಟೆಯಿಂದ ಗುಂಡಿನ ಸದ್ದು ಕೇಳ್ತಾ ಇತ್ತು. ಅದು ನಿಂತು, ಒಳಗೆ ಬೆಂಕಿ ಎದ್ದ ಮೇಲೇ ಮೊಗಲರಿಗೆ ಗೊತ್ತಾಗಿದ್ದು, ಗೂಡು ಖಾಲಿ ಅಂತ! ಬಾದಶಹನಿಗೆ ಸಿಕ್ಕಿದ್ದು ಸುಟ್ಟ ಮನೆಗಳು. ಅದಕ್ಕೇ ರಹಮಾನ್ ಬಕ್ಷ್ ಅಂತ ಹೊಸ ಹೆಸರಿಟ್ಟ. ಆಮೇಲೆ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟ, ಅಲ್ಲೇ ಕಾಯಿಲೆ ಬಿದ್ದ. 1707ರಲ್ಲಿ ಅಹಮದನಗರದಲ್ಲಿ ಸತ್ತ. ಇತ್ತ ನಾಯಕರು ಸುರಪುರದಲ್ಲಿ ಮತ್ತೆ ನೆಲೆ ನಿಂತರು.

ಈಗ ನನ್ನ ಒಂದೇ ಒಂದು ಪ್ರಶ್ನೆ. ಆ ರಾತ್ರಿ ಕೋಟೆಯ ಗೋಡೆ ಮೇಲೆ ಕೊನೇ ತನಕ ಬಂದೂಕು ಹೊಡೀತಾ ಕೂತಿದ್ದವರು ಯಾರು?

ಎಲ್ಲರೂ ಹಿಂಬಾಗಿಲಿಂದ ಹೋಗ್ತಾ ಇದ್ದಾರೆ, ಹೆಂಗಸರು ಮಕ್ಕಳು ಹೋಗ್ತಾ ಇದ್ದಾರೆ, ನಾಯಕ ಹೋಗ್ತಾ ಇದ್ದಾನೆ. ಮುಂಬಾಗಿಲ ಕಡೆ ಸದ್ದು ನಿಂತರೆ ಶತ್ರುವಿಗೆ ಗೊತ್ತಾಗಿಬಿಡುತ್ತೆ. ಹಾಗಾಗಿ ಕೆಲವರು ಉಳೀಬೇಕು. ಉಳಿದರು. ಅವರಲ್ಲಿ ಎಷ್ಟು ಜನ ಬದುಕಿ ಹೊರಗೆ ಬಂದರು? ಒಬ್ಬರ ಹೆಸರಾದರೂ ನಿಮಗೆ ಗೊತ್ತಾ? ಔರಂಗಜೇಬನ ಸರದಾರರ ಹೆಸರು ಪಟ್ಟಿ ಸಮೇತ ಸಿಗುತ್ತೆ. ಯಾರಿಗೆ ಎಷ್ಟು ಮನ್ಸಬು ಏರಿತು ಅನ್ನೋದೂ ಸಿಗುತ್ತೆ. ಸಾಫ್ಟ್‌ವೇರ್‌ನಲ್ಲಿರೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ರಾತ್ರಿಯೆಲ್ಲ ಕೂತು ಸರ್ವರ್ ಎತ್ತಿ ನಿಲ್ಲಿಸಿದವನು ಒಬ್ಬ, ಬೆಳಗ್ಗೆ ಅಭಿನಂದನೆ ಮೇಲ್‌ನಲ್ಲಿ ಹೆಸರು ಇನ್ನೊಬ್ಬರದು :( ನಮಗೆ ಹೋಗೋದು ಒಂದು ರಾತ್ರಿಯ ನಿದ್ದೆ. ಅವರದು ಜೀವ.

"ಅವರೇನು ಸ್ವಂತ ಇಷ್ಟದಿಂದ ಬಂದವರಾ? ಇನಾಮು ಭೂಮಿ ಉಣ್ತಾ ಇದ್ದರು, ಅದಕ್ಕೆ ಹೊಡೆದಾಡಿದರು" ಅಂತ ಕೆಲವರು ಹೇಳ್ತಾರೆ. ಸರಿ, ಒಪ್ಪೋಣ. ಸುರಪುರದ ಬೇಡರು ಬಿಡುವಿನಲ್ಲಿ ಹೊಲ ಉಳೋರು, ಕರೆ ಬಂದಾಗ ಬಂದೂಕು ಹಿಡಿಯೋರು. ಆ ಚಾಕರಿಗೆ ಭೂಮಿ ಇತ್ತು, ಚಾಕರಿ ತಂದೆಯಿಂದ ಮಗನಿಗೆ ಬರ್ತಾ ಇತ್ತು. ಬರಲ್ಲ ಅಂದವನ ಹೊಲ ಉಳೀತಿತ್ತಾ ಅಂದ್ರೆ ಅನುಮಾನವೇ. ಇವತ್ತಿನ ಅರ್ಥದ ಸ್ವಯಂಸೇವಕ ಅಂತ ನಾನೂ ಕರೆಯಲ್ಲ. ಆದ್ರೆ ಒಂದು ಮಾತು. ನಾನೂ ಸಂಬಳಕ್ಕೆ ದುಡಿಯೋನೇ. ಇದಕ್ಕಿಂತ ಒಳ್ಳೆ ಕಡೆ ಕರೆದರೆ ನೋಟಿಸ್ ಪೀರಿಯಡ್ ಮುಗಿಸಿ ನಡೀತೀನಿ. ಎರಡೂವರೆ ತಿಂಗಳು ದಿಲ್ಲಿಯ ತೋಪುಗಳ ಎದುರು, ಬರೀ ನಾಲ್ಕು ಎಕರೆ ಹೊಲಕ್ಕೆ ಅಂತ ಯಾರೂ ಕೂರಲ್ಲ ಸ್ವಾಮೀ. ಆ ಹೊಲ, ಆ ಊರು, ಆ ಬಂಡೆ ನನ್ನದು ಅಂತ ಅನ್ನಿಸಿದವನು ಮಾತ್ರ ಕೂರ್ತಾನೆ.

ಇನ್ನು ದರೋಡೆಕೋರ ಅನ್ನೋ ಮಾತು. ಅದು ಹುಟ್ಟಿದ್ದೆಲ್ಲಿ? ಮೊಗಲರ ಆಸ್ಥಾನದ ಪಾರ್ಸಿ ಬರಹಗಾರರಲ್ಲಿ. ಆಮೇಲೆ ಇಂಗ್ಲಿಷ್ ಪುಸ್ತಕಗಳು ಅದನ್ನೇ ಕಾಪಿ ಪೇಸ್ಟ್ ಮಾಡಿದವು. ಬೇಡರು ಕೊಳ್ಳೆ ಹೊಡೀಲಿಲ್ವಾ? ಹೊಡೆದರು. ಮೊಗಲರ ಸೀಮೆಗೆ ನುಗ್ಗಿ ವಸೂಲಿ ಮಾಡಿದರು, ದಾರಿಯಲ್ಲಿ ಹೋಗೋರನ್ನ ದೋಚಿದರು. ಅದರಲ್ಲಿ ಬಡವನ ಮನೆಯೂ ಸೇರಿತ್ತು, ಅದನ್ನ ಮುಚ್ಚಿಡಬಾರದು. ಆದ್ರೆ ಆ ಕಾಲದಲ್ಲಿ ಯಾವ ಸೈನ್ಯ ಕೊಳ್ಳೆ ಹೊಡೀಲಿಲ್ಲ ಹೇಳಿ? ದೊಡ್ಡವನು ಹೊಡೆದರೆ ದಂಡಯಾತ್ರೆ, ಸಣ್ಣವನು ಹೊಡೆದರೆ ದರೋಡೆ. ಬರೆಯೋ ಲೇಖನಿ ಯಾರ ಕೈಯಲ್ಲಿ ಇರುತ್ತೋ ಪದವೂ ಅವನದೇ. ಇಷ್ಟೇ ವ್ಯತ್ಯಾಸ.

ಇದೇ ಕತೆ ನೂರೈವತ್ತು ವರ್ಷದ ನಂತರ ಮತ್ತೆ ನಡೆಯಿತು. ಆಗ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕ. ಅವನು ಚಿಕ್ಕವನಿದ್ದಾಗ ಸಂಸ್ಥಾನ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್ ಅನ್ನೋ ಇಂಗ್ಲಿಷ್ ಅಧಿಕಾರಿ. ರಾಜ ಅವನನ್ನ "ಅಪ್ಪಾ" ಅಂತ ಕರೀತಿದ್ದ. 1853ರಲ್ಲಿ ಅಧಿಕಾರ ರಾಜನ ಕೈಗೆ ಬಂತು. 1857ರ ದಂಗೆಯ ಗಾಳಿ ಇಲ್ಲಿಗೂ ಬೀಸಿತು. 1858ರ ಫೆಬ್ರವರಿಯಲ್ಲಿ ಬ್ರಿಟಿಷರು ಸುರಪುರದ ಮೇಲೆ ಬಂದರು. ಬೆಟ್ಟದ ಮೇಲೆ ಬೇಡರು, ಅವರ ಜೊತೆ ಅರಬರು ಮತ್ತು ರೋಹಿಲ್ಲಾಗಳು. ಅಂದ್ರೆ ಮುಸಲ್ಮಾನರು. ಒಂದೇ ಬೆಟ್ಟ, ಒಂದೇ ಕಡೆ! ಫೆಬ್ರವರಿ 8ರ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿ ಸತ್ತ, ಅವನ ಜೊತೆಗಿದ್ದ ಸ್ಟೂವರ್ಟ್ ಅನ್ನೋ ಕಿರಿಯ ಅಧಿಕಾರಿಗೂ ಪ್ರಾಣ ಹೋಗುವಂಥ ಗಾಯ. ಕರ್ನಲ್ ಮಾಲ್ಕಮ್ ಮತ್ತು ಕರ್ನಲ್ ಹ್ಯೂಸ್ ಪಡೆಗಳು ಹತ್ತಿರ ಬಂದಾಗ ರಾಜ ಹೈದರಾಬಾದಿಗೆ ಹೋದ. ಸಾಲಾರ್ ಜಂಗ್ ಅವನನ್ನ ಹಿಡಿದು ಬ್ರಿಟಿಷರಿಗೆ ಒಪ್ಪಿಸಿದ.

ನೇಣಿಗಿಂತ ತೋಪಿನ ಬಾಯಿಗೆ ಕಟ್ಟಿ ಹಾರಿಸಿಬಿಡಿ ಅಂತ ರಾಜ ಕೇಳಿಕೊಂಡ ಅಂತ ಟೇಲರ್ ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. ಮರಣದಂಡನೆ ಕಡಿಮೆಯಾಗಿ ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಅಂತ ಆಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಅಂತ ಬ್ರಿಟಿಷರ ದಾಖಲೆ. ನಮ್ಮ ಕಡೆ ಇವತ್ತಿಗೂ ನಂಬದವರು ಬೇಕಾದಷ್ಟು ಜನ ಇದ್ದಾರೆ.

1860ರಲ್ಲಿ ಬ್ರಿಟಿಷರು ಸುರಪುರವನ್ನ ನಿಜಾಮನಿಗೆ ಕೊಟ್ಟುಬಿಟ್ಟರು. ಯಾವ ನಿಜಾಮ? ಆಗ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಚಿನ್ ಕಿಲಿಚ್ ಖಾನ್, ಅವನೇ ಮುಂದೆ ನಿಜಾಮ್ ಉಲ್ ಮುಲ್ಕ್ ಆಗಿ ಹೈದರಾಬಾದಿನ ಆಸಫ್ ಜಾಹಿ ವಂಶ ಶುರು ಮಾಡಿದವನು. ವಿಜಾಪುರಕ್ಕೆ ಹೊರಟ ದವಸ ತಡೆದ ಫಿರೋಜ್ ಜಂಗ್ ಇವನ ಅಪ್ಪ! ಅಪ್ಪ ಕಾಳು ತಡೆದ, ಮಗ ಕೋಟೆ ಮುಂದೆ ಕೂತ, ಮೊಮ್ಮಕ್ಕಳ ಕಾಲಕ್ಕೆ ಊರು ಬ್ರಿಟಿಷರಿಂದ ಬಳುವಳಿಯಾಗಿ ಬಂತು. ಕಾದಂಬರಿಯಲ್ಲಿ ಬರೆದರೆ ನಂಬ್ತಿರಲಿಲ್ಲ.

ಸುರಪುರದ ಪೇಟೆಯಲ್ಲಿ ರಾಜನ ಕತೆ ಕೇಳಿದರೆ ಹತ್ತು ಜನ ಹೇಳ್ತಾರೆ. ಹೇಳಲಿ, ಸಂತೋಷ. ಆದ್ರೆ ಆ ಬೆಟ್ಟದ ಮೇಲೆ ಕೂತು ಗುಂಡು ಹೊಡೆದವರು? ಅವರ ಮೇಲೆ ವಿಚಾರಣೆ ಪುಸ್ತಕವೂ ಇಲ್ಲ, ಟೇಲರನ ಅಧ್ಯಾಯವೂ ಇಲ್ಲ.

ಇದಕ್ಕೆ ಹೋಲಿಸಿ ನೋಡಿ. ಅದೇ ಕರ್ನಲ್ ಮಾಲ್ಕಮ್ ಎರಡು ತಿಂಗಳ ಹಿಂದೆ, 1857ರ ನವೆಂಬರ್ ಕೊನೆಗೆ, ಮುಧೋಳ ಸೀಮೆಯ ಹಲಗಲಿಯಲ್ಲಿದ್ದ. ಆಯುಧ ಒಪ್ಪಿಸಿ ಅಂತ ಸರಕಾರದ ಹುಕುಂ. ಹಲಗಲಿಯ ಬೇಡರು ಕೊಡಲ್ಲ ಅಂದರು. ಊರಿಗೆ ಬೆಂಕಿ ಬಿತ್ತು, 290 ಜನ ಸೆರೆಯಾದರು, 19 ಜನರನ್ನ ಗಲ್ಲಿಗೇರಿಸಿದರು. ಅಲ್ಲಿ ರಾಜ ಇರಲಿಲ್ಲ. ಇದ್ದದ್ದು ಜಡಗ, ಬಾಲ, ರಾಮ ಅನ್ನೋ ಸಾದಾ ಜನ. ಆ ಹೆಸರು ಇವತ್ತು ನಮಗೆ ಗೊತ್ತಿರೋದು ಹೇಗೆ? ಯಾರೋ ಲಾವಣಿ ಕಟ್ಟಿದರು, ಊರೂರಲ್ಲಿ ಹಾಡಿದರು. ಬ್ರಿಟಿಷ್ ಅಧಿಕಾರಿಯೇ ಆದ ಫ್ಲೀಟ್ ಅದನ್ನ ಬರೆದುಕೊಂಡು ಅಚ್ಚು ಹಾಕಿಸಿದ. ಮುಂದೆ ಅದು ನಮ್ಮ ಪಠ್ಯಪುಸ್ತಕಕ್ಕೂ ಬಂತು. ಹೆಸರು ಉಳಿಯೋಕೆ ರಾಜನೇ ಆಗಬೇಕಿಲ್ಲ, ಬರೆದಿಡೋ ಒಬ್ಬ ಬೇಕು ಅಷ್ಟೇ.

ಹೋದ ಸಲ ಊರಿಗೆ ಹೋದಾಗ ಬೈಕ್ ತಗೊಂಡು ವಾಗಣಗೇರಾಕ್ಕೆ ಹೋಗಿದ್ದೆ. ಕೋಟೆಯ ಹತ್ತಿರ ಮೇಕೆ ಕಾಯ್ತಾ ಕೂತಿದ್ದ ಅಜ್ಜ ಒಬ್ಬರು ಸಿಕ್ಕರು.

"ಯಾವೂರು ತಮ್ಮಾ?" ಅಂದರು.

"ಶಹಾಪುರ ರೀ ಮುತ್ಯಾ. ಕೋಟಿ ನೋಡಾಕ ಬಂದೀನ್ರಿ."

"ನೋಡು, ನೋಡು. ಎಲ್ಲಾರೂ ಬರ್ತಾರ, ಫೋಟೋ ಹೊಡ್ಕೋತಾರ. ರಾಜಾನ ಕತಿ ಕೇಳ್ತಾರ, ಹೋಗ್ತಾರ."

"ನಿಮ್ಮ ಮನಿಯವ್ರೂ ಇಲ್ಲೇ ಬಂದೂಕು ಹಿಡಿದವ್ರೇನ್ರಿ?"

ಅಜ್ಜ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ನಮ್ಮಪ್ಪ ಹೇಳ್ತಿದ್ದ ಏನೇನೋ. ಆ ಬಂಡಿ ತನಕ ನಮ್ಮ ಮುತ್ಯಾನ ಪಾಳಿ ಇತ್ತಂತ. ಇಲ್ಲೀ ತನಕ ಯಾರೂ ಕೇಳಿಲ್ಲ ಬಿಡು."

ಯಾರೂ ಕೇಳಿಲ್ಲ. ನಾನು ಆ ದಿನ ಆ ಅಜ್ಜನ ಮಾತು ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕಿತ್ತು. ಮಾಡಲಿಲ್ಲ. ಜೇಬಲ್ಲಿ ಫೋನ್ ಇತ್ತು, ಚಾರ್ಜೂ ಇತ್ತು. ಬಂಡೆಯ ಫೋಟೋ ಹೊಡ್ಕೊಂಡು ಬಂದೆ. ಹೀಗಾಗಿ ಈ ಬೈಗುಳದಲ್ಲಿ ನನ್ನ ಪಾಲೂ ಇದೆ.

ಹಾಗಾದ್ರೆ ಏನು ಮಾಡಬೇಕು? ಇನ್ನೊಂದು ಪ್ರತಿಮೆ ಅಂತೂ ಬೇಡ ದಯವಿಟ್ಟು. 2009ರ ಡಿಸೆಂಬರಿನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಈ ಜಿಲ್ಲೆಯ ಕಾಲೇಜುಗಳಲ್ಲಿ ಇತಿಹಾಸ ಓದೋ ಹುಡುಗ ಹುಡುಗಿಯರಿದ್ದಾರೆ. ಒಬ್ಬೊಬ್ಬರು ಒಂದೊಂದು ಹಳ್ಳಿ ಹಿಡಿದು, ಹಳೇ ಮನೆತನಗಳ ಬಾಯಿಮಾತು ರೆಕಾರ್ಡ್ ಮಾಡಲಿ. ಯಾರ ಮನೆಗೆ ಯಾವ ಚಾಕರಿಗೆ ಇನಾಮು ಇತ್ತು ಅಂತ ಹಳೇ ಕಂದಾಯ ಕಾಗದಗಳಲ್ಲಿ ಹುಡುಕಲಿ. ಅದರಲ್ಲಿ ಬೇಡರಷ್ಟೇ ಅಲ್ಲ, ಮದ್ದು ಅರೆದವರು, ಬಂದೂಕು ರಿಪೇರಿ ಮಾಡಿದ ಕಮ್ಮಾರರು, ಗೋಡೆ ಕಟ್ಟಿದ ಒಡ್ಡರು, ಬೆಟ್ಟಕ್ಕೆ ನೀರು ಹೊತ್ತ ಹೆಂಗಸರು ಎಲ್ಲರೂ ಬರಬೇಕು. ಟೈಪ್ ಮಾಡಿ ನೆಟ್ಟಿಗೆ ಹಾಕೋ ಕೆಲಸ ನನ್ನಂಥವರದು. ಅದಕ್ಕೆ ಸರಕಾರದ ಅನುದಾನ ಬೇಡ, ಭಾನುವಾರ ಸಾಕು.

ಪೋಸ್ಟರ್ ಕಳಿಸೋ ಗೆಳೆಯರಿಗೂ ಒಂದು ಮಾತು. ನೀವು ಅವರನ್ನ ದೊಡ್ಡವರನ್ನ ಮಾಡ್ತಾ ಇಲ್ಲ. ಒಬ್ಬ ರಾಜನ ಹಿಂದೆ, ಒಂದು ಬಣ್ಣದ ಹಿಂದೆ ಅಡಗಿಸಿಡ್ತಾ ಇದ್ದೀರಿ. ಅವತ್ತು ಕಳ್ಳ ಅಂದವರು ಅವರ ಮಾನ ಕದ್ದರು, ಇವತ್ತು ನೀವು ಅವರ ಕತೆ ಕದೀತಾ ಇದ್ದೀರಿ. ಹಾಗಾದ್ರೆ ದರೋಡೆಕೋರರು ಯಾರು?

ನಾಳೆ ಊಟಕ್ಕೆ ಕೂತಾಗ ಆ ಗೆಳೆಯನಿಗೆ ಇಷ್ಟನ್ನೂ ಹೇಳಬೇಕು ಅಂದುಕೊಂಡಿದ್ದೇನೆ. ಪಾಪ, ಅವನ ಊಟ ತಣ್ಣಗಾಗುತ್ತೆ :) ಮುಂದಿನ ತಿಂಗಳು ಊರಿಗೆ ಹೋಗೋದಿದೆ. ಈ ಸಲ ಮೊದಲು ವಾಗಣಗೇರಾ, ಆಮೇಲೆ ಮನೆ. ಅಜ್ಜ ಇನ್ನೂ ಅದೇ ಬಂಡೆ ಹತ್ತಿರ ಸಿಗಲಿ ಅಂತ ಆಸೆ.

ನಿಮ್ಮ ಮನೆಯಲ್ಲೂ ಇಂಥ ಮುತ್ಯಾ ಇದ್ದರೆ, ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ನಾಳೆ ಅನ್ನಬೇಡಿ.